ಸುತ್ತಿಟ್ಟ ಪರದೆಯೊಳಗಿನ ಮಸಿ

“ಇನ್ಸ್‌ಪೆಕ್ಟರೇ, ಅಲುಗಬೇಡಿ. ನೀವು ಸಾಕ್ಷಿಗೆ ಒರಗಿಕೊಂಡು ನಿಂತಿದ್ದೀರಿ.”

ಇನ್ಸ್‌ಪೆಕ್ಟರ್ ಅಲುಗಲಿಲ್ಲ. ಬೆನ್ನನ್ನು ಕಂಬಕ್ಕೇ ಬಿಟ್ಟು ಕಣ್ಣುಗಳನ್ನು ಮಾತ್ರ ಅತ್ತಿತ್ತ ಹೊರಳಿಸಿದ.

“ಹೂಂ, ಈಗ ಮೆಲ್ಲಗೆ ಮುಂದಕ್ಕೆ ಬಾ. ತಿರುಗು. ಕೈ ಹಚ್ಚಬೇಡ,” ಎಂದರು ಹೊಗೆಯಮ್ಮ.

ಅವರ ಮಾತು ಯಾವಾಗಲೂ ಹೀಗೆಯೇ. ಸರ್ಕಾರಿ ಬಹುವಚನದಲ್ಲಿ ಹೊರಟು ಎರಡನೇ ವಾಕ್ಯಕ್ಕೆಲ್ಲ ಮನೆ ಸೇರಿಬಿಡುತ್ತಿತ್ತು. ಅವರು ಮದುವೆಯಾಗಿ ಬಂದಾಗ ಗಂಡನ ಈ ತಮ್ಮನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಮುಂದೆ ಪೊಲೀಸ್ ಆಗುತ್ತಾನೆಂದು ಯಾರು ಕಂಡಿದ್ದರು?

“ಏನಾಯ್ತು ಅತ್ತಿಗೆ? ಅಂಗಿ ಹಾಳಾಯ್ತಾ?”

“ಅರ್ಧ ಹಾಳಾಯ್ತು. ಪೂರ್ತಿ ಹಾಳಾಗಿದ್ದಿದ್ರೆ ನಾನು ಸುಮ್ಮನೆ ಮನೆಗೆ ಹೋಗ್ತಿದ್ದೆ.”

ನಿಜವೇ. ಅವನ ಬೆನ್ನಿನ ಎಡಭಾಗಕ್ಕೆ ಕಾಡಿಗೆಯಂಥ ಮಸಿ ಹತ್ತಿತ್ತು. ಬಲಭಾಗ ಇಸ್ತ್ರಿ ಅಂಗಡಿಯಿಂದ ಬಂದಂತೆಯೇ ಇತ್ತು. ನಡುವೆ ಬೈತಲೆ ತೆಗೆದಂಥ ಗೆರೆ.

ಕಳೆದ ಗುರುವಾರ ಸಂಜೆ ಈ ಮೂರನೇ ಮಹಡಿಗೆ ಬೆಂಕಿ ಬಿದ್ದು ಆಫೀಸಿನ ಆಡಳಿತಾಧಿಕಾರಿ ಸತ್ತಿದ್ದ. ಹೊಗೆ ತಡೆಯುವ ಪರದೆ ಇಳಿಯದೇ ಹೋದದ್ದು ನನ್ನ ಮರೆವಿನಿಂದ ಎಂದು ಮೇಂಟೆನೆನ್ಸ್ ಕೆಲಸದವನು ಮರುದಿನವೇ ಒಪ್ಪಿಕೊಂಡಿದ್ದ. ಇವತ್ತು ನಾಲ್ಕು ಗಂಟೆಗೆ ಅವನನ್ನು ಕೋರ್ಟಿನಲ್ಲಿ ನಿಲ್ಲಿಸಬೇಕು. ಈಗ ಎರಡು ಮುಕ್ಕಾಲು.

ಮೇಂಟೆನೆನ್ಸಿನ ಈ ಹುಡುಗ ಜೇಬಿನಲ್ಲಿ ಸದಾ ಒಂದು ಇಕ್ಕಳ ಇಟ್ಟುಕೊಂಡಿರುತ್ತಿದ್ದುದರಿಂದ ಆಫೀಸಿನಲ್ಲಿ ಅವನ ಹೆಸರೇ ಇಕ್ಕಳ ಎಂದಾಗಿತ್ತು. ಸತ್ತವನಿಗೂ ಒಂದು ಅಡ್ಡಹೆಸರಿತ್ತು: ಸುತ್ತೋಲೆ. ಕುರ್ಚಿ ಸರಿಸುವುದಕ್ಕೆ ಒಂದು, ಸರಿಸಿದ ಕುರ್ಚಿಯನ್ನು ಮತ್ತೆ ಒಳಗೆ ತಳ್ಳುವುದಕ್ಕೆ ಇನ್ನೊಂದು ಎಂದು ಸುತ್ತೋಲೆ ಹೊರಡಿಸಿದ ಮನುಷ್ಯ ಬದುಕಿರುವಾಗ ಯಾರಿಗೂ ಇಷ್ಟವಾಗಿರಲಿಲ್ಲ. ಸತ್ತ ಮೇಲೆ ಎಲ್ಲರೂ ಅವನನ್ನು ಶಿಸ್ತಿನ ಸಿಪಾಯಿ ಅನ್ನುತ್ತಿದ್ದರು.

“ಬೆಂಕಿ ಆ ಕಡೆ ಹತ್ತಿದ್ದು. ಆ ಕಡೆ ಮಸಿ ಜಾಸ್ತಿ ಇರುತ್ತೆ. ಇದರಲ್ಲೇನು ವಿಶೇಷ?” ಎಂದ ಇನ್ಸ್‌ಪೆಕ್ಟರ್, ಬೆನ್ನು ನೋಡಿಕೊಳ್ಳಲು ಕೊರಳನ್ನು ಬಾತುಕೋಳಿಯಂತೆ ತಿರುಗಿಸುತ್ತ.

“ಜಾಸ್ತಿ ಇರಲಿ ಬಿಡು. ಆದ್ರೆ ಜಾಸ್ತಿ ಇರೋದು ಬರ್ತಾ ಬರ್ತಾ ಕಡಿಮೆ ಆಗ್ಬೇಕು. ಇಲ್ಲಿ ಗೀಟು ಎಳೆದ ಹಾಗೆ ನಿಂತುಬಿಟ್ಟಿದೆ. ಹೊಗೆಗೆ ಅಷ್ಟು ಶಿಸ್ತು ನಾನು ಇಪ್ಪತ್ತೆಂಟು ವರ್ಷದಲ್ಲಿ ನೋಡಿಲ್ಲ.”

ಅಗ್ನಿಶಾಮಕ ದಳದಿಂದ ನಿವೃತ್ತರಾದ ಮೇಲೂ ಸುಟ್ಟ ಕಟ್ಟಡಗಳೇ ಅವರನ್ನು ಹುಡುಕಿಕೊಂಡು ಬರುತ್ತಿದ್ದವು. ಬೆಂಕಿ ಎಲ್ಲಿ ಹತ್ತಿತು ಎಂದು ಉಳಿದವರೆಲ್ಲ ಕೇಳುವಾಗ ಹೊಗೆ ಎಲ್ಲಿಗೆ ಹೋಯಿತು ಎಂದು ಕೇಳುವ ಚಾಳಿಯಿಂದ ಅವರಿಗೆ ಆ ಹೆಸರು ಬಂದಿತ್ತು.

ಅವರು ಕಂಬದ ನಡುವಿನ ಕಿರುಬೆರಳಿನಷ್ಟು ಅಗಲದ ಸೀಳನ್ನು ಮುಟ್ಟಿ ತೋರಿಸಿದರು. ನೆಲದಿಂದ ಸೂರಿನವರೆಗೆ ಹೋಗಿತ್ತು. ಪರದೆಯ ಅಂಚು ಜಾರುವ ದಾರಿ ಅದು. ಮಸಿ ಆ ಸೀಳಿನವರೆಗೆ ಬಂದು ನಿಂತಿತ್ತು. ಸೀಳಿನ ಈಚೆಗೆ, ತಲೆಯಿಂದ ಮೇಲೆ ಮಾತ್ರ ತೆಳು ಬೂದಿಬಣ್ಣ.

“ಪರದೆ ಇಳಿದಿತ್ತು,” ಎಂದರು ಹೊಗೆಯಮ್ಮ.

ಮಹಡಿಯಲ್ಲಿ ಇದ್ದದ್ದು ನಾಲ್ವರು. ನಾಲ್ವರೂ ಒಂದು ಕ್ಷಣ ಸೂರನ್ನೇ ನೋಡಿದರು.

*

ಸೂರು ನೋಡುವಂಥದ್ದೇ ಆಗಿತ್ತು. ತೆಳ್ಳನೆಯ ಮರದ ಪಟ್ಟಿಗಳನ್ನು ಅಲೆಯಂತೆ ಜೋಡಿಸಿದ ಅದಕ್ಕೆ ಬಹುಮಾನ ಬಂದಿತ್ತು ಎಂದು ಆರ್ಕಿಟೆಕ್ಟ್ ಮೂರು ದಿನಗಳಲ್ಲಿ ನಾಲ್ಕು ಸಲ ಹೇಳಿದ್ದರು. ಅವರು ಈಗ ಕಿಟಕಿಯ ಬಳಿ, ಎಲ್ಲಿಯೂ ಕೈ ತಾಗಿಸದಂತೆ ತೋಳು ಕಟ್ಟಿಕೊಂಡು ನಿಂತಿದ್ದರು.

ಮಹಡಿಗೆ ಗೋಡೆಗಳಿರಲಿಲ್ಲ. ಒಂದು ತುದಿಯಲ್ಲಿ ನಿಂತು ಸೀನಿದರೆ ಇನ್ನೊಂದು ತುದಿಯಲ್ಲಿ ಚಿರಂಜೀವಿ ಅನ್ನಬಹುದಾದಷ್ಟು ಬಯಲು. ಗೋಡೆ ಎಂದರೆ ಅಪನಂಬಿಕೆ ಎಂಬುದು ಆರ್ಕಿಟೆಕ್ಟರ ಸಿದ್ಧಾಂತ. ಪಾಯಿಖಾನೆಯ ಮಟ್ಟಿಗೆ ಮಾತ್ರ ಅಪನಂಬಿಕೆಯನ್ನು ಉಳಿಸಿದ್ದರು.

ಇಂಥ ಬಯಲಿನಲ್ಲಿ ಹೊಗೆಯನ್ನು ಹಿಡಿದು ನಿಲ್ಲಿಸುವವರಿಲ್ಲ. ಅದಕ್ಕೇ ಆ ಪರದೆ. ಎರಡು ಕಂಬಗಳ ನಡುವೆ, ಸೂರಿನ ಸೀಳೊಂದರಲ್ಲಿ ಚಾಪೆಯಂತೆ ಸುತ್ತಿಕೊಂಡು ಕೂತಿರುತ್ತದೆ. ಅಲಾರಂ ಹೊಡೆದ ಕೂಡಲೇ ನೆಲದವರೆಗೆ ಇಳಿದು ಮಹಡಿಯನ್ನು ಎರಡು ಭಾಗ ಮಾಡುತ್ತದೆ. ಹೊಗೆ ಒಂದು ಕಡೆ ಉಳಿಯುತ್ತದೆ. ಈ ಕಡೆಯವರು ಮುಂದಿನ ಮೆಟ್ಟಿಲಿನಿಂದ, ಆ ಕಡೆಯವರು ಹಿಂದಿನ ಮೆಟ್ಟಿಲಿನಿಂದ ಇಳಿದುಹೋಗಬೇಕು.

ಕಂಬದ ಮೇಲೆ ಅದರ ಕೀಲಿಪೆಟ್ಟಿಗೆ. ಕೀಲಿಗೆ ಮೂರು ಜಾಗ: ತಾನಾಗಿ, ಕೆಳಗೆ, ಮೇಲೆ. ತಿಂಗಳಿಗೊಮ್ಮೆ ಪರದೆ ಇಳಿಸಿ, ಧೂಳು ಹೊಡೆದು, ಮೇಲೆತ್ತಿ, ಕೀಲಿಯನ್ನು ‘ತಾನಾಗಿ’ಗೆ ತಿರುಗಿಸಬೇಕು. ‘ಮೇಲೆ’ಯಲ್ಲೇ ಬಿಟ್ಟರೆ ಊರಿಗೇ ಬೆಂಕಿ ಬಿದ್ದರೂ ಪರದೆ ಕೆಳಗೆ ಬಾರದು.

ಗುರುವಾರ ಬೆಳಿಗ್ಗೆ ಧೂಳು ಹೊಡೆದಿದ್ದರು. ಶುಕ್ರವಾರ ಪೊಲೀಸರು ಬಂದಾಗ ಕೀಲಿ ‘ಮೇಲೆ’ಯಲ್ಲಿತ್ತು. ಪರದೆ ಸೂರಿನಲ್ಲಿತ್ತು. ಇಕ್ಕಳ ತಲೆ ತಗ್ಗಿಸಿ, ಹೌದು ಸಾರ್, ಮರೆತೆ ಎಂದಿದ್ದ.

“ಅವನೇ ಒಪ್ಕೊಂಡಿದ್ದಾನಲ್ಲ ಅತ್ತಿಗೆ,” ಎಂದ ಇನ್ಸ್‌ಪೆಕ್ಟರ್. “ಒಪ್ಕೊಂಡೋನನ್ನ ಬಿಡಿಸೋಕೆ ನಿಂತಿದ್ದೀರಲ್ಲ, ಇದ್ಯಾವ ಸೀಮೆ ನ್ಯಾಯ?”

“ಬಿಡಿಸೋಕಲ್ಲ. ಪರದೆ ಇಳಿದಿದ್ರೆ ಅವನು ಮರೆತಿಲ್ಲ. ಮರೆತಿಲ್ಲದೋನು ಮರೆತೆ ಅಂತ ಯಾಕೆ ಹೇಳ್ದ? ನನಗೆ ಅದು ಬೇಕು. ಪರದೆ ಇಳಿಸಿ.”

“ಕ್ಷಮಿಸಿ,” ಎಂದು ಕಿಟಕಿಯಿಂದ ಬಂತು ಆರ್ಕಿಟೆಕ್ಟರ ದನಿ. ಎಂದೂ ಏರದ, ಹತ್ತಿಯಲ್ಲಿ ಸುತ್ತಿಟ್ಟಂಥ ದನಿ. “ಸೂರು ಸಡಿಲ ಆಗಿದೆ. ಮೋಟರ್ ತಿರುಗಿದ್ರೆ ಪಟ್ಟಿಗಳು ಉದುರಬಹುದು. ಬಹುಮಾನ ಬಂದ ಸೂರು ಅದು.”

“ಬಿದ್ರೆ ನನ್ನ ತಲೆ ಮೇಲೆ ಬೀಳುತ್ತೆ ಸಾರ್. ಅದಕ್ಕೆ ಯಾವ ಬಹುಮಾನವೂ ಬಂದಿಲ್ಲ.”

ಇನ್ಸ್‌ಪೆಕ್ಟರ್ ನಗು ನುಂಗಿಕೊಂಡ.

ನಾಲ್ಕನೆಯವಳು ಹೌಸ್‌ಕೀಪಿಂಗ್ ಸೂಪರ್‌ವೈಸರ್. ಮಹಡಿಯವರೆಲ್ಲರಿಗೂ ಅವಳು ಅಕ್ಕ. ಇಕ್ಕಳನಿಗೆ ಮಾತ್ರ ಒಡಹುಟ್ಟಿದ ಅಕ್ಕ. ತಾಯಿ ಹೋದ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿ, ಇದೇ ಆಫೀಸಿಗೆ ಸೇರಿಸಿದವಳು. ಧೂಳು ಹೊಡೆಯುವುದು ಅವಳ ಕಡೆಯ ಕೆಲಸವಾದ್ದರಿಂದ ಪರದೆಯ ಎರಡನೇ ಕೀಲಿ ಅವಳ ಸೊಂಟದ ಗೊಂಚಲಿನಲ್ಲಿತ್ತು.

“ಬೇಡ ಮೇಡಂ,” ಎಂದಳು ಅಕ್ಕ. “ಹುಡುಗ ತಪ್ಪು ಮಾಡಿದಾನೆ, ಒಪ್ಕೊಂಡಿದಾನೆ. ಎರಡೋ ಮೂರೋ ವರ್ಷ ಒಳಗಿದ್ದು ಬರ್ತಾನೆ. ನಾನು ಕಾಯ್ತೀನಿ. ಮತ್ತೆ ಯಾಕೆ ಕೆದಕ್ತೀರಿ?”

ಹೊಗೆಯಮ್ಮ ಅವಳ ಮುಖವನ್ನೇ ನೋಡಿದರು. ಮೂರು ದಿನದಲ್ಲಿ ಇಕ್ಕಳನ ಪರವಾಗಿ ಗೇಟಿನ ವಾಚ್‌ಮನ್ ಮಾತಾಡಿದ್ದ. ಲಿಫ್ಟಿನವನು ಮಾತಾಡಿದ್ದ. ಎದುರಿನ ಜೆರಾಕ್ಸ್ ಅಂಗಡಿಯವನು ಕೂಡ, ಅವನಂಥೋನಲ್ಲ ಸಾರ್, ಎಂದಿದ್ದ. ಮಾತಾಡದೆ ಉಳಿದವಳು ಇವಳೊಬ್ಬಳೇ.

“ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಇಷ್ಟೊತ್ತಿಗೆ ಈ ಇನ್ಸ್‌ಪೆಕ್ಟರ ಕಾಲರ್ ಹಿಡಿದಿರ್ತಿದ್ದೆ,” ಎಂದರು.

“ಹಿಡಿದಿದ್ದೀರಿ ಕೂಡ,” ಎಂದ ಇನ್ಸ್‌ಪೆಕ್ಟರ್.

“ಕೀಲಿ ಕೊಡಮ್ಮ.”

ಅಕ್ಕ ಕೊಡಲಿಲ್ಲ. ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಕೊನೆಗೆ ಇನ್ಸ್‌ಪೆಕ್ಟರೇ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೀಲಿ ತೆಗೆದುಕೊಳ್ಳಬೇಕಾಯಿತು.

*

ಪರದೆ ಇಪ್ಪತ್ತು ಸೆಕೆಂಡು ತೆಗೆದುಕೊಂಡಿತು. ಮೋಟರ್ ಮುಲುಗಿತು. ಸೂರಿನ ಪಟ್ಟಿಗಳು ಗಡಗಡ ನಡುಗಿದವು; ಬಹುಮಾನಕ್ಕೆ ಭಂಗ ಬರಲಿಲ್ಲ.

ಮೊದಲು ಕಾಣಿಸಿದ್ದು ತಳದ ಅಂಚು, ಒಳಗೆ ಭಾರಕ್ಕೆಂದು ಸರಳು ತೂರಿಸಿ ಹೊಲಿದದ್ದು. ಆಮೇಲೆ ಬಟ್ಟೆ. ಈ ಕಡೆಯಿಂದ ನೋಡಿದರೆ ಬೂದು. ಹೊಗೆಯಮ್ಮ, ಬೆಂಕಿ ಆರಿಸಲು ಬಂದವರು ಒಡೆದಿದ್ದ ಪಕ್ಕದ ಗಾಜಿನ ತಡಿಕೆಯ ಸಂದಿಯಲ್ಲಿ, ಕಂಬವನ್ನು ಸುತ್ತಿ ಆ ಕಡೆಗೆ ಹೋದರು.

“ಮೈದುನಾ, ಬಂದು ನೋಡು.”

ಆ ಕಡೆಯಿಂದ ಪರದೆ ಮೇಲಿನಿಂದ ಕೆಳಗಿನವರೆಗೆ ಕಡುಕಪ್ಪಾಗಿತ್ತು. ಬಟ್ಟೆಯೊಡನೆ ಬಟ್ಟೆ ಸುತ್ತಿಕೊಂಡಿದ್ದರಿಂದ ಮಸಿ ಎರಡು ಮೂರು ಕಡೆ ಒತ್ತಿಹೋಗಿ ಮೇಣದಂತೆ ಹೊಳೆಯುತ್ತಿತ್ತು.

“ಸುತ್ತಿಟ್ಟ ಚಾಪೆಯೊಳಗೆ ಕೆಸರು ಹೇಗೆ ಬರುತ್ತೆ ಹೇಳು,” ಎಂದರು. “ಬಿಡಿಸಿದಾಗ ಯಾರೋ ತುಳಿದಿರ್ಬೇಕು. ಇದು ಇಳಿದಿತ್ತು. ಇಳಿದು, ಹೊಗೆ ಕುಡಿದು, ಮತ್ತೆ ಮೇಲೆ ಹೋಯ್ತು. ತಾನಾಗಿ ಹೋಗಲ್ಲ ಇದು. ಯಾರೋ ಕೀಲಿ ಹಾಕಿ ಎತ್ತಿದ್ದಾರೆ, ಬೆಂಕಿ ಉರೀತಿರುವಾಗಲೇ.”

ಇನ್ಸ್‌ಪೆಕ್ಟರ್ ಟೋಪಿ ತೆಗೆದ. “ಅಂದ್ರೆ ಇಕ್ಕಳ ಮರೆತಿಲ್ಲ.”

“ಮರೆತಿಲ್ಲ.”

“ಅಂದ್ರೆ ನನ್ನ ಕೇಸು ಹೋಯ್ತು.”

“ಹೋಯ್ತು.”

ಪರದೆಯ ಆಚೆಯಿಂದ ಅಕ್ಕನ ದನಿ ಕೇಳಲಿಲ್ಲ. ತಮ್ಮ ನಿರಪರಾಧಿ ಎಂದು ತಿಳಿದ ಅಕ್ಕನಿಂದ ಬರಬೇಕಾದ ಯಾವ ಸದ್ದೂ ಕೇಳಲಿಲ್ಲ. ಹೊಗೆಯಮ್ಮನಿಗೆ ಅದು ಹಿಡಿಸಲಿಲ್ಲ. ಮತ್ತೆ ಈಚೆಗೆ ಬಂದರು.

ಅಕ್ಕ ಪರದೆಯ ಬುಡವನ್ನು ನೋಡುತ್ತಿದ್ದಳು.

ಅಲ್ಲಿ, ನೆಲಕ್ಕೆ ಮಡಚಿಕೊಂಡ ಅಂಚಿನ ಮೇಲೆ, ಎರಡು ಪಾದಗಳ ಅಚ್ಚಿತ್ತು. ಬಟ್ಟೆಗೆ ಬಳಿದ ಲೇಪ ಕಾವಿಗೆ ಮೆತ್ತಗಾಗಿ, ಆಮೇಲೆ ತಣಿದು ಗಟ್ಟಿಯಾಗಿತ್ತು. ಹೊಸ ಸಿಮೆಂಟಿನ ಮೇಲೆ ಮೂಡುವ ಹೆಜ್ಜೆಯಂತೆ ಸ್ಪಷ್ಟ. ಅಟ್ಟೆಯ ಚೌಕಳಿ ಗೀರುಗಳನ್ನು ಎಣಿಸಬಹುದಿತ್ತು. ಬಲ ಹಿಮ್ಮಡಿಯ ಹೊರ ಅಂಚು ಸವೆದಿತ್ತು.

“ಓಡೋನು ಒಂದು ಹೆಜ್ಜೆ ಬಿಡ್ತಾನೆ,” ಎಂದರು ಹೊಗೆಯಮ್ಮ, ತಮಗೇ ಎಂಬಂತೆ. “ಜೋಡಿ ಹೆಜ್ಜೆ ಬಿಡೋನು ನಿಂತೋನು. ಇಷ್ಟು ಆಳಕ್ಕೆ ಬೀಳ್ಬೇಕಾದ್ರೆ ಐದಾರು ನಿಮಿಷ ನಿಂತಿದ್ದಾನೆ.”

ಇನ್ಸ್‌ಪೆಕ್ಟರ್ ಆಗಲೇ ಫೋನ್ ತೆಗೆದಿದ್ದ. ಠಾಣೆಯಲ್ಲಿ ಬಿಚ್ಚಿಸಿಟ್ಟ ಬಟ್ಟೆಬರೆಗಳ ಫೋಟೊಗಳಲ್ಲಿ ಹೆಬ್ಬೆರಳು ಒಂದರ ಮೇಲೆ ನಿಂತಿತು. ಸೇಫ್ಟಿ ಶೂ ಒಂದು ಜೊತೆ, ಅಟ್ಟೆ ಮೇಲೆ ಮಾಡಿ ಇಟ್ಟದ್ದು. ಚೌಕಳಿ ಗೀರು. ಬಲ ಹಿಮ್ಮಡಿಯ ಹೊರ ಅಂಚು ಸವೆದದ್ದು.

“ಇಕ್ಕಳನ ಶೂ,” ಎಂದ. ದನಿಯಲ್ಲಿ ಈಗ ಮೈದುನ ಇರಲಿಲ್ಲ, ಪೊಲೀಸ್ ಇದ್ದ. “ಸುತ್ತೋಲೆ ಆ ಕಡೆ. ಇವನು ಈ ಕಡೆ. ಪರದೆ ಎತ್ತಿ ಹೊರಗೆ ನುಸುಳೋಕೆ ಬಂದೋನನ್ನ ಇವನು ಅಂಚು ತುಳಿದು ತಡೆದಿದ್ದಾನೆ. ಹಿಂದಿನ ವಾರ ಇವನನ್ನ ನೆಲಮಾಳಿಗೆ ಕೆಲಸಕ್ಕೆ ಹಾಕಿ ಸತ್ತೋನೇ ಸುತ್ತೋಲೆ ಕಳಿಸಿದ್ದ, ಗೊತ್ತಲ್ಲ? ಎಲ್ಲರೆದುರು ಜಗಳ ಆಗಿತ್ತು. ಅತ್ತಿಗೆ, ನನ್ನ ಕೇಸು ಹೋಗಿಲ್ಲ. ದೊಡ್ಡದಾಗಿದೆ.”

ಎರಡು ವರ್ಷದ ಜೈಲಿನಿಂದ ಒಬ್ಬನನ್ನು ತಪ್ಪಿಸಲು ಹೊರಟು ಹೊಗೆಯಮ್ಮ ಅವನ ಕೊರಳಿಗೆ ಹಗ್ಗ ತಂದುಕೊಟ್ಟಿದ್ದರು, ಅದೂ ತಮ್ಮ ಕೈಯಾರೆ, ಕೀಲಿ ಕಿತ್ತುಕೊಳ್ಳಿಸಿ.

“ಅದಕ್ಕೇ ಬೇಡ ಅಂದಿದ್ದು,” ಎಂದಳು ಅಕ್ಕ.

ಮೂವರೂ ಅವಳ ಕಡೆ ತಿರುಗಿದರು.

“ನಾನೇ ಎತ್ತಿದ್ದು. ನನ್ನ ಕೀಲೀಲಿ, ನಾನೇ.”

*

ಅವಳು ಸುಟ್ಟ ಕುರ್ಚಿಯೊಂದರ ಚೌಕಟ್ಟಿನ ಮೇಲೆ ಕೂತಳು. ಅಳಲಿಲ್ಲ. ಅತ್ತು ಮುಗಿಸಿದವರ ಒಣ ದನಿಯಲ್ಲಿ ಹೇಳಿದಳು.

“ಅಲಾರಂ ಹೊಡೀತು. ಪರದೆ ಇಳೀತು. ಈ ಕಡೆ ಇದ್ದ ಏಳು ಜನಾನ ನಾನೇ ಮುಂದಿನ ಮೆಟ್ಲಲ್ಲಿ ಇಳಿಸ್ಕೊಂಡು ಗೇಟಲ್ಲಿ ಎಣಿಸಿದೆ. ತಮ್ಮ ಬಂದಿರ್ಲಿಲ್ಲ. ಮತ್ತೆ ಹತ್ತಿದೆ.”

“ಎಷ್ಟು ಹೊತ್ತಿಗೆ?”

“ಏಳೂ ಜನ ಗೇಟಿಗೆ ಬಂದಿದ್ದು ಆರು ನಲವತ್ಮೂರಕ್ಕೆ. ವಾಚ್‌ಮನ್ ಬರೆದಿದಾನೆ. ಅದಾದ ಮೇಲೆ. ಬಂದು ನೋಡ್ತೀನಿ, ಇವನು ಹೀಗೆ ನಿಂತಿದಾನೆ.” ಎದ್ದು, ಎರಡೂ ಅಂಗೈಗಳನ್ನು ಗಾಳಿಗೆ ಒತ್ತಿ ತೋರಿಸಿದಳು. “ಮೈಯೆಲ್ಲ ಭಾರ ಬಿಟ್ಟು. ಕಾಲು ಅಂಚಿನ ಮೇಲೆ. ಆ ಕಡೆಯಿಂದ ಸಾಹೇಬ್ರ ಕೆಮ್ಮು ಕೇಳ್ತಿದೆ. ಬಟ್ಟೆ ಮೇಲೆ ಕೈ ಮೂಡ್ತಿದೆ. ನನ್ನ ತಮ್ಮ ಬಿಡ್ತಿಲ್ಲ.”

“ಏನಂದ?”

“ಬರಬೇಡ ಅಕ್ಕ ಅಂದ. ನಾನು ಕೆನ್ನೆಗೆ ಹೊಡೆದೆ. ಹುಟ್ಟಿದಾಗಿಂದ ಹೊಡೆದಿರ್ಲಿಲ್ಲ ನಾನು ಅವನಿಗೆ. ಆಮೇಲೆ ಕೀಲಿ ತಿರುಗಿಸಿದೆ. ಸಾಹೇಬ್ರನ್ನ ಈಚೆ ಎಳ್ಕೊಳ್ಳೋಣ ಅಂತ.” ನಿಲ್ಲಿಸಿದಳು. “ಎಳ್ಕೊಳ್ಳೋಕೆ ಆಗ್ಲಿಲ್ಲ. ಪರದೆ ಮೇಲೆ ಹೋಗ್ತಿದ್ದ ಹಾಗೇ ಆ ಕಡೆ ಬುಸ್ ಅಂತು. ಏನೂ ಕಾಣ್ಲಿಲ್ಲ. ತಮ್ಮ ನನ್ನ ರೆಟ್ಟೆ ಹಿಡಿದು ಮೆಟ್ಲಿಗೆ ಎಳ್ಕೊಂಡು ಬಂದ. ಆವತ್ತಿಂದ ಇವತ್ತಿಗೂ ಅದರ ಬಗ್ಗೆ ನಾವಿಬ್ರೂ ಒಂದು ಮಾತಾಡಿಲ್ಲ.”

ಮಾತಾಡದೆಯೇ ಅಕ್ಕ ತಮ್ಮ ಒಂದು ಒಪ್ಪಂದಕ್ಕೆ ಬಂದಿದ್ದರು. ಮರೆವು ಎಂಬುದು ಅವನ ಮಾತು. ಮೌನ ಎಂಬುದು ಅವಳದ್ದು.

ಇನ್ಸ್‌ಪೆಕ್ಟರ್ ಗಡಿಯಾರ ನೋಡಿದ. ಮೂರೂ ಹತ್ತು. “ಹೇಳಿಕೆ ಬರ್ಕೋಬೇಕು. ವಕೀಲರಿಗೆ ಫೋನ್ ಮಾಡ್ತೀನಿ. ಸೆಕ್ಷನ್ ಬದಲಾಗುತ್ತೆ.”

“ಸ್ವಲ್ಪ ತಡಿ.”

“ಅತ್ತಿಗೆ, ಇನ್ನೇನಿದೆ ತಡೆಯೋಕೆ?”

“ಸುತ್ತೋಲೆ ಸತ್ತು ಬಿದ್ದಿದ್ದು ಎಲ್ಲಿ?”

“ಹಿಂದಿನ ಮೆಟ್ಟಿಲ ಬಾಗಿಲ ಹತ್ತಿರ. ನಾಲ್ಕು ಹೆಜ್ಜೆ ಮುಂಚೆ.”

“ಪರದೆ ಹತ್ರ ಅಲ್ಲ.”

“ಅಲ್ಲ. ಏನೀಗ?”

“ಆ ಕಡೆ ಅವನಿಗೆ ಬೇರೆ ದಾರಿ ಇತ್ತು ಅಂತಾಯ್ತು. ಬೆನ್ನ ಹಿಂದೇನೇ ಮೆಟ್ಟಿಲು. ಐದಾರು ನಿಮಿಷ ದಾರಿ ತೆರೆದೇ ಇತ್ತು. ಅದನ್ನ ಬಿಟ್ಟು ಒಬ್ಬ ಮನುಷ್ಯ ಮುಚ್ಚಿದ ಪರದೆ ಮುಂದೆ ಯಾಕೆ ನಿಂತಿರ್ತಾನೆ?”

ಹೊಗೆಯಮ್ಮ ಮಾತಿಗೆ ಕಾಯದೆ ಕಂಬ ಸುತ್ತಿ ಆಚೆಗೆ ಹೋಗಿ, ಮಂಡಿಯೂರಿ, ಟಾರ್ಚ್ ಹಾಕಿದರು. ಮಂಡಿ ಲಟಕ್ ಎಂದಿತು. ಪರದೆಯ ಬುಡದಲ್ಲಿ, ಇಕ್ಕಳನ ಪಾದಗಳಿಗೆ ಎರಡು ಮೊಳ ದೂರದಲ್ಲಿ, ಕಪ್ಪಿನ ನಡುವೆ ಎರಡು ಅಂಗೈಗಳಷ್ಟು ಜಾಗ ಬೂದಾಗಿ ಉಳಿದಿತ್ತು. ಬೆರಳುಗಳ ತುದಿ ನೆಲದ ಕಡೆಗಿತ್ತು.

“ಮೈದುನಾ, ನೀನು ಒಳಗೆ ಸಿಕ್ಕಿಬಿದ್ದಿದ್ದೀಯ. ಪರದೆ ಅಡ್ಡ ಇದೆ. ಏನ್ಮಾಡ್ತೀಯ? ಮಾಡಿ ತೋರಿಸು.”

ಹಿಂದೆಯೇ ಬಂದ ಇನ್ಸ್‌ಪೆಕ್ಟರ್ ಬಗ್ಗಿ, ಅಂಚಿನ ಕೆಳಗೆ ಬೆರಳು ತೂರಿಸಿ ಮೇಲೆತ್ತುವಂತೆ ಮಾಡಿದ. ಹಾಗೆ ಅರ್ಧ ಬಗ್ಗಿದವನು ಅಲ್ಲೇ ನಿಂತುಬಿಟ್ಟ. ಅಂಗೈ ಈಗ ಮೇಲ್ಮುಖವಾಗಿತ್ತು.

“ಅವನು ಎತ್ತಿಲ್ಲ,” ಎಂದ ನಿಧಾನವಾಗಿ.

“ಎತ್ತಿಲ್ಲ. ಒತ್ತಿದ್ದಾನೆ. ಅವನು ಆ ಕಡೆಯಿಂದ ಕೈಯಲ್ಲಿ, ಇಕ್ಕಳ ಈ ಕಡೆಯಿಂದ ಕಾಲಲ್ಲಿ. ಇಬ್ಬರೂ ಸೇರಿ ಪರದೆ ಹಿಡ್ಕೊಂಡಿದ್ರು. ಈಗ ಈ ಕಡೆ ಬಾ. ನೆಲ ನೋಡು.”

ಪರದೆಯ ಈಚೆ ಬದಿಗೆ ಬೆಂಕಿ ಆರಿಸುವವರು ನೀರು ಹೊಡೆದಿರಲಿಲ್ಲ. ಶುಕ್ರವಾರವೇ ಹಗ್ಗ ಕಟ್ಟಿದ್ದರಿಂದ ಪರದೆಯ ಬುಡವನ್ನು ಯಾರೂ ತುಳಿದಿರಲಿಲ್ಲ. ತಿಳಿಬಣ್ಣದ ನೆಲದ ಮೇಲೆ, ಅಂಚಿನ ಎರಡೂ ತುದಿಗಳಿಂದ ಹೊರಟ ಮಸಿ ಬೀಸಣಿಗೆಯಂತೆ ಹರಡಿತ್ತು. ನಡುವೆ, ಪಾದದ ಅಚ್ಚುಗಳಿದ್ದಲ್ಲಿ ಮತ್ತು ಅವುಗಳ ಆಚೀಚೆ, ನೆಲ ಶುಭ್ರ.

“ಆವತ್ತು ಈ ಕಡೆ ಎ.ಸಿ. ಫ್ಯಾನು ನಿಂತಿರ್ಲಿಲ್ಲ,” ಎಂದರು. “ಅಲಾರಂ ಹೊಡೆದಾಗ ನಿಲ್ಲಬೇಕಿತ್ತು. ಅದು ಗಾಳಿ ಎಳೀತಾ ಇತ್ತು. ಪರದೆ ಹಾಯಿ ಉಬ್ಬಿದ ಹಾಗೆ ಉಬ್ಬಿ ಅಂಚು ನೆಲ ಬಿಟ್ಟು ಏಳ್ತಿತ್ತು. ಸಂದಿಯಲ್ಲಿ ಹೊಗೆ ನುಗ್ತಿತ್ತು. ಎರಡು ತುದಿ ಬಿಟ್ಟು ನಡುವೆ ಎಲ್ಲಾ ಹೊಗೆ ತಡೆದಿದ್ದಾರೆ ಇಬ್ಬರೂ. ಬದ್ಧ ವೈರಿಗಳು.”

ಫೋನ್ ಇನ್ಸ್‌ಪೆಕ್ಟರನ ಕೈಯಲ್ಲೇ ಇತ್ತು. ವಕೀಲರ ನಂಬರ್ ಒತ್ತಿರಲಿಲ್ಲ.

ಅಕ್ಕ ಎದ್ದು ನಿಂತಿದ್ದಳು. “ಹಾಗಾದ್ರೆ ಸಾಹೇಬ್ರು…”

ಹೊಗೆಯಮ್ಮ ಅವಳ ಹತ್ತಿರ ಹೋದರು. ಹೇಳದೆ ಉಳಿಯಬಹುದಿತ್ತು. ಆದರೆ ಹೇಳದೆ ಉಳಿದರೆ ತಮ್ಮ ಉಳಿಯುವುದಿಲ್ಲ.

“ಆತ ಇನ್ನೇನು ಕೈ ಬಿಟ್ಟು ಹಿಂದಿನ ಮೆಟ್ಟಿಲಿಗೆ ಹೋಗೋನಿದ್ದ. ಪರದೆ ಎದ್ದ ಕೂಡಲೇ ಈ ಕಡೆ ಗಾಳಿಯೆಲ್ಲ ಆ ಕಡೆ ಬೆಂಕಿಗೆ ಸಿಕ್ತು. ನೀನು ಕೇಳಿದ ಬುಸ್ ಅದೇ. ಆತ ಬಾಗಿಲ ಕಡೆ ಓಡಿದ್ದಾನೆ. ನಾಲ್ಕು ಹೆಜ್ಜೆ ಸಾಲಲಿಲ್ಲ.”

ಅಕ್ಕನ ಕೈ ಸೊಂಟದ ಕೀಲಿಗೊಂಚಲಿಗೆ ಹೋಯಿತು.

“ನಿನ್ನ ತಮ್ಮ ಕೊಲೆಗಾರ ಅಂತ ನೀನು ಬಾಯಿ ಮುಚ್ಕೊಂಡಿದ್ದೀಯ. ಅವನು ಮುಚ್ಕೊಂಡಿದ್ದು ನಿನಗೋಸ್ಕರ. ಕೀಲಿ ‘ಮೇಲೆ’ಗೆ ಹೋಗಿದ್ದು ನಿನ್ನ ಕೈಯಿಂದ ಅಂತ ಯಾರಿಗೂ ಗೊತ್ತಾಗಬಾರದು, ಅಷ್ಟೇ ಅವನಿಗೆ ಬೇಕಾಗಿದ್ದು. ಅದಕ್ಕೇ ನಾನು ಮರೆತೆ ಅಂದ.”

ಅಕ್ಕ ಮತ್ತೆ ಕೂತಳು. ಈ ಸಲ ಕುರ್ಚಿಯ ಮೇಲಲ್ಲ, ನೆಲದ ಮೇಲೆ.

ಕೆಳಗೆ ರಸ್ತೆಯಲ್ಲಿ ಬಸ್ಸೊಂದು ನಿಂತು, ಜನರನ್ನು ಇಳಿಸಿ, ಹೊರಟುಹೋಯಿತು.

“ಒಂದು ಉಳೀತು,” ಎಂದರು ಹೊಗೆಯಮ್ಮ. ಬಗ್ಗಿ ಅವಳ ಭುಜ ಹಿಡಿದರು, ಗಟ್ಟಿಯಾಗಿಯೇ. “ಇದನ್ನ ನಾನು ಮಸಿಯಲ್ಲಿ ಓದಿದ್ದೇನೆ ಅಂದ್ರೆ ಕೋರ್ಟು ನಗುತ್ತೆ. ಎರಡು ಹೆಜ್ಜೆ, ಒಂದು ಜಗಳ, ಒಂದು ಹೆಣ. ಅವರಿಗೆ ಅಷ್ಟು ಸಾಕು. ನಿನ್ನ ತಮ್ಮ ಹಿಡ್ಕೊಂಡು ನಿಂತಿದ್ದು ಕೊಲ್ಲೋಕಲ್ಲ, ಉಳಿಸೋಕೆ ಅಂತ ತೋರಿಸ್ಬೇಕು. ಏಳು ಜನ ಆಗಲೇ ಗೇಟಲ್ಲಿದ್ರು. ನೀನೂ ಕೆಳಗಿದ್ದೆ. ಈ ಕಡೆ ಮಹಡಿ ಖಾಲಿ. ಖಾಲಿ ಮಹಡಿಗೆ ಹೊಗೆ ಬರಬಾರದು ಅಂತ ಇಬ್ಬರು ಪ್ರಾಣ ಒತ್ತೆ ಇಡ್ತಾರಾ? ಯಾರೋ ಇದ್ರು. ಇನ್ನೂ ಇಳಿಯದೇ ಉಳಿದೋರು. ಪಟ್ಟಿಯಲ್ಲಿ ಇಲ್ಲದೋರು. ಮೇಲೆ ಬಂದಾಗ ನೀನು ನೋಡಿದ್ದೀಯ.”

ಅಕ್ಕ ನೆಲ ನೋಡಿದಳು.

“ಹೇಳು. ಆ ಒಬ್ಬರು ಬಂದು ನಿಂತು ಹೌದು ಅಂದ್ರೆ ನಿನ್ನ ತಮ್ಮ ಇವತ್ತು ಸಂಜೆ ಮನೆಗೆ ಬರ್ತಾನೆ. ಬರದೇ ಇದ್ರೆ ಏನಾಗುತ್ತೆ ಅಂತ ನಿನಗೇ ಗೊತ್ತು.”

ಇನ್ಸ್‌ಪೆಕ್ಟರನ ಫೋನ್ ಹೊಡೆದುಕೊಂಡಿತು. ಕಿವಿಗಿಟ್ಟು ಕೇಳಿದ. “ಕೋರ್ಟಿಂದ,” ಎಂದ, ಕೈಯಿಂದ ಮುಚ್ಚಿಕೊಂಡು. “ನಮ್ಮ ಕೇಸನ್ನ ಟೈಮಿಗೆ ಮೊದಲೇ ತಗೊಂಡಿದ್ದಾರೆ. ಅವನನ್ನ ಈಗಲೇ ಒಳಗೆ ಕರೀತಿದ್ದಾರೆ. ಏನ್ ಹೇಳ್ಲಿ?”

ಆಗ ಆರ್ಕಿಟೆಕ್ಟ್ ಕಿಟಕಿ ಬಿಟ್ಟು ಬಂದರು. ಯಾರೂ ಅವರನ್ನು ಏನೂ ಕೇಳಿರಲಿಲ್ಲ. ಕಳೆದ ಅರ್ಧ ಗಂಟೆಯಿಂದ ಅವರು ಇದ್ದಾರೆಂಬುದನ್ನೇ ಎಲ್ಲರೂ ಮರೆತಿದ್ದರು. ಅಕ್ಕನ ಮುಂದೆ ಬಂದು, ಮಸಿ ಹತ್ತೀತೆಂಬ ಯೋಚನೆಯೇ ಇಲ್ಲದೆ, ನೆಲಕ್ಕೆ ಮಂಡಿಯೂರಿ ಕೂತರು.

“ಅಮ್ಮಾ, ಈಗ ಏನೂ ಹೇಳಬೇಡಿ,” ಎಂದರು ಮೆತ್ತಗೆ. “ಗಾಬರಿಯಲ್ಲಿದ್ದೀರಿ. ನೀವು ಆಡಿದ ಮಾತು ನಿಮ್ಮ ತಮ್ಮನಿಗೇ ತಿರುಗುತ್ತೆ. ಒಳ್ಳೇ ವಕೀಲರನ್ನ ನಾನು ಕೊಡಿಸ್ತೀನಿ. ಅಲ್ಲಿವರೆಗೆ ಸುಮ್ಮನಿರಿ.”

ಅಕ್ಕ ತಲೆ ಎತ್ತಿದಳು. ಅವರ ಮುಖವನ್ನೇ ನೋಡಿದಳು.

“ಆವತ್ತು ಈ ಕಡೆ ಉಳ್ಕೊಂಡಿದ್ದೋರು ನೀವೇ. ಪರದೆ ಎತ್ತು ಅಂದಾಗ್ಲೂ ಹೀಗೇ ಮೆತ್ತಗೇ ಹೇಳಿದ್ರಿ, ಸಾರ್.”